ಅಂಗೈಯಷ್ಟು ಪ್ರಿಂಟರು, ಊರಷ್ಟು ಬೀಗರು

ಜೇಬಿನಲ್ಲಿ ಹಿಡಿಸುವ ಫೋಟೊ ಪ್ರಿಂಟರು ಕೊಂಡಾಗಿನಿಂದ ಬೆಟಗೇರಿಯ ನಮ್ಮ ಮನೆ ಸ್ಟುಡಿಯೊ ಆಗಿದೆ. ಮೊಬೈಲಿನಿಂದ ಚಿತ್ರ ಕಳಿಸಿದರೆ ಸಾಕು, 2×3 ಇಂಚಿನ ಫೋಟೊ ನಾಲಿಗೆಯಂತೆ ಹೊರಚಾಚುತ್ತದೆ. ಮಸಿಯ ಗೊಡವೆಯಿಲ್ಲ, ಕಾಗದದೊಳಗೇ ಅಡಗಿದ ಹರಳುಗಳು ಶಾಖ ತಾಗಿದೊಡನೆ ಬಣ್ಣವಾಗುತ್ತವೆ. “ಕಾಸಿದ್ರ ಬಣ್ಣ ಬರ್ತೈತಿ ಅಂದ್ರ, ಇದೂ ನನ್ನ ಮಿರ್ಚಿ ಬಾಣಲಿ ಇದ್ದಂಗ ಬಿಡೋ” ಎಂದಳು ಅವ್ವ.

ಮೊದಲ ಫೋಟೊ ಗಿರ್ಮಿಟ್-ಮಿರ್ಚಿಯದು. ಅದು ಹೊರಬರುವಷ್ಟರಲ್ಲಿ ತಟ್ಟೆ ಖಾಲಿ. ನನ್ನ ಪಾಲಿಗೆ ಉಳಿದದ್ದು ಚಿತ್ರವಷ್ಟೇ. ಸುದ್ದಿ ಹಬ್ಬಿತು. ಲಕ್ಷ್ಮೇಶ್ವರದ ಅತ್ತಿ, ಸೋಮೇಶ್ವರ ಗುಡಿಯ ಮುಂದೆ ನಿಂತ 22 ಮಂದಿಯ ಗುಂಪುಚಿತ್ರ ತಂದಳು. ಅಚ್ಚಾಯಿತು.

“ಇದರಾಗ ನಾ ಎಲ್ಲಿ ಅದೀನೋ?”

“ಎಡಗಡೆಯಿಂದ ಮೂರನೇ ಎಳ್ಳು, ಅತ್ತಿ.”

ಮುಂಡರಗಿಯ ಸೊಸೆ ಹಿಂಬದಿಯ ಅಂಟುಹಾಳೆ ಸುಲಿದು ತನ್ನ ಫೋಟೊವನ್ನು ಡಬ್ಬಿಗೆ ಮೆತ್ತಿದಳು. ಶಿರಹಟ್ಟಿಯ ಕಾಕಾ ತಿಜೋರಿಗೆ. 10 ಹಾಳೆಯ ಪ್ಯಾಕೆಟ್ಟು ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಈಗ ಬೀಗರು ಬಂದರೆ ಪ್ರಿಂಟರು ಅಕ್ಕಿ ಡಬ್ಬಿ ಸೇರುತ್ತದೆ.

ಆದರೂ, ಮೊಬೈಲಿನಲ್ಲಿ ಕೊಳೆಯುವ ಸಾವಿರಾರು ಚಿತ್ರ ಯಾರೂ ನೋಡುವುದಿಲ್ಲ. ತಿಜೋರಿಯ ಮೇಲಿನ ಒಂದನ್ನು ಕಾಕಾ ದಿನಾ ನೋಡುತ್ತಾರೆ. ನೀವೂ ಒಂದು ಕೊಳ್ಳಿ. ಬೀಗರಿಗೆ ಮಾತ್ರ ಹೇಳಬೇಡಿ.