ಯಾವ ಶರಣಪ್ಪರೀ?

ತೆಂಗಳಿಯಂಥ ಊರಿಗೆ ಬಂದು ‘ಶರಣಪ್ಪನವರ ಮನಿ ಎಲ್ಲದರಿ?’ ಅಂತ ಕೇಳಿ ನೋಡಿ, ಉತ್ತರಕ್ಕೆ ಮುಂಚೆ ಪ್ರಶ್ನೆ ಬರುತ್ತದೆ: ‘ಯಾವ ಶರಣಪ್ಪರೀ?’ ಕಲಬುರಗಿ ಸೀಮೆಯಲ್ಲಿ ಶರಣಬಸವೇಶ್ವರರ ಹೆಸರಿಟ್ಟುಕೊಂಡವರಿಗೆ ಬರವಿಲ್ಲ. ಚಹಾದಂಗಡಿಯವನು ಓಣಿ ಹೇಳುತ್ತಾನೆ, ಮನೆ ಹೇಳುತ್ತಾನೆ, ಶರಣಪ್ಪ ಶಹಾಬಾದಿಗೆ ಹೋಗಿದ್ದರೆ ಅದನ್ನೂ ಹೇಳುತ್ತಾನೆ. ನೀವು ಯಾರ ಮನೆಗೆ ಬಂದಿರಿ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಆ ಮಾತು ಬೇರೆ.

ಕಂಪ್ಯೂಟರಿನದೂ ಇದೇ ಪಾಡು. ಹೆಸರು ನಮಗೆ ಗೊತ್ತು, ಅದಕ್ಕೆ ಬೇಕಾದದ್ದು ನಂಬರು. ಮೊದಲು ಎಲ್ಲ ಹೆಸರೂ ಒಂದೇ ಕಡತದಲ್ಲಿದ್ದವು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರಿಗೆ ನಂಬರು ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದ ಮೇಲೆ ಕೇಳಿಕೊಂಡು ಹೋಗುವ ಪದ್ಧತಿ ಬಂತು. ನಾವು ಏನೂ ಮುಟ್ಟದಿದ್ದರೆ ಕಂಪ್ಯೂಟರು ಕೇಳುವುದು ನೆಟ್ ಕೊಟ್ಟ ಕಂಪನಿಯನ್ನು. ಅಲ್ಲಿನ ಸರ್ವರಿಗೆ ಸಂಜೆ ಹೊತ್ತು ಮಂಪರು ಹತ್ತಿದರೆ ಲೈನಿದ್ದೂ ಪುಟ ತೆರೆಯದು.

ಆಗ ‘ಕಾಕಾ, ಕಂಪನಿದು ಬಿಟ್ಟು ನಾಕು ಎಂಟು ಹಾಕ್ರಿ’ ಅನ್ನುತ್ತಾರೆ ಹುಡುಗರು. ಅಂದರೆ ಗೂಗಲ್ 2009ರಲ್ಲಿ ತೆರೆದ ಡಿಎನ್‌ಎಸ್ ಸರ್ವರು, 8.8.8.8. ಕ್ಲೌಡ್‌ಫ್ಲೇರಿನವರು ನಾಲ್ಕು ಒಂದಕ್ಕೆ ಹೊಂದಲಿ ಎಂದು ನಾಲ್ಕನೇ ತಿಂಗಳ ಒಂದನೇ ತಾರೀಖನ್ನೇ ಆರಿಸಿ, 2018ರಲ್ಲಿ 1.1.1.1 ಬಿಟ್ಟರು. ಏಪ್ರಿಲ್ ಫೂಲ್ ದಿನ ನಂಬು ಅಂದರೆ ಯಾರು ನಂಬಬೇಕು! ಆದರೂ ಚೆನ್ನಾಗಿಯೇ ಓಡುತ್ತಿದೆ.

ಇನ್ನು ಕೆಲವು ಸ್ವಾಭಿಮಾನಿಗಳು ಯಾರ ಹಂಗೂ ಬೇಡವೆಂದು ಮನೆಯಲ್ಲೇ ‘ಅನ್‌ಬೌಂಡ್’ ಎಂಬ ಡಿಎನ್‌ಎಸ್ ತಂತ್ರಾಂಶ ಕೂರಿಸುತ್ತಾರೆ. ಅದು ಹೆಸರನ್ನು ಬಾಲದಿಂದ ಹಿಡಿಯುತ್ತದೆ: ಮೊದಲು ಮೂಲ ಸರ್ವರು, ಆಮೇಲೆ ‘ಕಾಮ್’ನವರು, ಕೊನೆಗೆ ಆ ಸೈಟಿನವರು. ಮೊದಲ ಸಲ ತಡ. ಆಮೇಲೆ ಉತ್ತರ ನೆನಪಿಟ್ಟುಕೊಂಡಿರುತ್ತದೆ; ‘ಡಿಗ್’ ಆಜ್ಞೆ ಕೊಟ್ಟು ಅದೇ ಹೆಸರು ಮತ್ತೆ ಕೇಳಿ, ಸೊನ್ನೆ ಮಿಲಿಸೆಕೆಂಡ್ ಅನ್ನುತ್ತದೆ. ಆ ಸೊನ್ನೆ ನೋಡುವ ಚಟ ಹತ್ತಿದವರು ಕೆಲಸ ಮರೆತು ಅದನ್ನೇ ನೋಡುತ್ತ ಕೂರುವುದುಂಟು.

ಆದರೆ ಒಬ್ಬನೇ ಕೇಳುವ ಮನೆಯಲ್ಲಿ ನೆನಪಿಡಲು ಎಷ್ಟು ಹೆಸರಿದ್ದಾವು? ಅಂಗಡಿಯವನಿಗೆ ಎಲ್ಲರ ಮನೆ ಗೊತ್ತಿರುವುದು ಊರೆಲ್ಲ ಅವನನ್ನೇ ಕೇಳುವುದರಿಂದ. ಗುಟ್ಟಿನ ಲೆಕ್ಕವೂ ಅಷ್ಟು ಸರಳವಲ್ಲ. ಅನ್‌ಬೌಂಡ್ ಮೂಲ ಸರ್ವರಿಗೆ ಕೇಳುವ ಮಾತು ಸಾಮಾನ್ಯವಾಗಿ ಬಿಚ್ಚುಮಾತೇ, ದಾರಿಯಲ್ಲಿ ಕಂಪನಿಯವರು ಓದಬಹುದು. ಗೂಗಲ್, ಕ್ಲೌಡ್‌ಫ್ಲೇರಿನಂಥ ಹೊರಗಿನವರಿಗೆ ಲಕೋಟೆ ಅಂಟಿಸಿ, ಅಂದರೆ ಗೂಢಲಿಪಿಯಲ್ಲಿ, ಕಳಿಸಿದರೂ ಆಮೇಲೆ ನೀವು ಹೋಗುವ ನಂಬರು ನೆಟ್ ಕಂಪನಿಯವರಿಗೆ ಕಾಣುತ್ತದೆ. ಮೇಲಾಗಿ ಲಕೋಟೆ ಒಡೆದವರಿಗೆ ಎಲ್ಲವೂ ಗೊತ್ತು.

ಆದ್ದರಿಂದ ಒಂದೇ ಲ್ಯಾಪ್‌ಟಾಪಿನವರು ಹೊರಗಿನ ಸರ್ವರು ಹಾಕಿಕೊಂಡು ಸುಮ್ಮನಿರಿ. ನಾಲ್ಕಾರು ಫೋನು, ಟಿವಿ, ಹಗಲಿರುಳು ಓಡುವ ಒಂದು ಸಣ್ಣ ಕಂಪ್ಯೂಟರು, ಅದಕ್ಕೊಂದು ಇನ್ವರ್ಟರು ಇದ್ದವರು ಅನ್‌ಬೌಂಡ್ ಹಾಕಿ. ಇನ್ವರ್ಟರು ಮಾತ್ರ ಮರೆಯಬೇಡಿ, ಕರೆಂಟು ಹೋದರೆ ಅದರ ನೆನಪೂ ಹೋಗುತ್ತದೆ.