ಉಲ್ಟಾ ಕೊಸರು

ನನ್ನ ಎಡಗಿವಿ ಸ್ವಲ್ಪ ಮಂದ. ಬಲಗಿವಿ ಚುರುಕಾಗಿದೆ, ಆದರೆ ಆ ಕಡೆ ಸಾಮಾನ್ಯವಾಗಿ ನನ್ನ ಹೆಂಡತಿ ಇರುತ್ತಾಳೆ. ಹೀಗಾಗಿ ಲೋಕದ ಸಮಾಚಾರವೆಲ್ಲ ನನಗೆ ಎಡಗಡೆಯಿಂದ ಅರ್ಧಂಬರ್ಧವಾಗಿಯೇ ತಲುಪುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನದನ್ನು ಓದಿ ನೀವು ನನ್ನನ್ನು ಕಟುಕನೆಂದುಕೊಂಡೀರಿ.

ಶನಿವಾರ ಸಂಜೆ, ಶಿವಮೊಗ್ಗದ ಒಂದು ಸೂಪರ್ ಮಾರ್ಕೆಟ್ಟು. ತೊಗರಿಬೇಳೆ, ಹುರಿಗಡಲೆ, ಸೋಪು, ಮತ್ತೆ ಪಟ್ಟಿಯಲ್ಲಿ ಇಲ್ಲದೆಯೂ ಬುಟ್ಟಿಗೆ ಬಂದು ಕೂತಿದ್ದ ಒಂದು ಪ್ಲಾಸ್ಟಿಕ್ ಜರಡಿ. ಬಿಲ್ಲು 487 ರೂಪಾಯಿ. ಕೌಂಟರಿನ ಹುಡುಗಿ ತಲೆಯೆತ್ತದೆ ಏನೋ ಅಂದಳು. ನನಗೆ ಕೇಳಿಸಿದ್ದು, "ರೌಂಡಪ್ ಬೇಕಾ ಸರ್?"

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ನಮ್ಮಲ್ಲಿ ರೌಂಡಪ್ ಅಂದರೆ ಒಂದೇ ಅರ್ಥ, ಕಳೆ ಸಾಯಲೆಂದು ಹೊಡೆಯುವ ಔಷಧಿ. ಬೇಳೆ ಮಾರುವವರೂ ಅದನ್ನು ಇಟ್ಟುಕೊಳ್ಳಲು ಶುರುಮಾಡಿದರಲ್ಲ ಎಂದು ಬೇಸರವಾಗಿ, ಮಂದಕಿವಿಯವರ ಸಹಜ ದನಿಯಲ್ಲಿ, ಅಂದರೆ ಪೇಟೆಗೆಲ್ಲ ಕೇಳುವಂತೆ ಅಂದೆ: "ಬೇಡಮ್ಮ, ನಮ್ಮಲ್ಲಿ ಅದನ್ನೆಲ್ಲ ಹೊಡೆಯೋದಿಲ್ಲ. ಹಾಳಾಗಿ ಹೋಗ್ಲಿ."

ಸಾಲಿನಲ್ಲಿ ಒಂದು ಕ್ಷಣ ಮೌನ. ಹುಡುಗಿ ಈಗ ತಲೆಯೆತ್ತಿದಳು. "ಅಲ್ಲ ಸರ್, ಮೂರು ರೂಪಾಯಿ ಸೇರ್ಸಿ ನಾನೂರ ತೊಂಬತ್ತು ಮಾಡ್ಲಾ ಅಂತ. ಇಲ್ಲೇ ಅಂಧ ಮಕ್ಕಳ ಹಾಸ್ಟೆಲ್‌ಗೆ ಹೋಗತ್ತೆ."

ಅಂಧ ಮಕ್ಕಳು ಹಾಳಾಗಿ ಹೋಗಲಿ ಎಂದು ಸಾರಿದ ಆ ಮಹಾನುಭಾವನನ್ನು ಬೆನ್ನ ಹಿಂದಿನ ಆರೇಳು ಜನ ಕಣ್ತುಂಬ ನೋಡುತ್ತಿದ್ದರು. ನನ್ನ ಹೆಂಡತಿ ಆ ಗಳಿಗೆಯಲ್ಲೇ ಏಲಕ್ಕಿ ಪೊಟ್ಟಣದ ತಾರೀಖು ಓದಲು ಮೂರು ಹೆಜ್ಜೆ ಆಚೆ ಸರಿದುಬಿಟ್ಟಳು. ಮಾನ ಉಳಿಸಿಕೊಳ್ಳಲು ನಾನು, "ಮೂರು ಯಾಕಮ್ಮ, ಐವತ್ತು ಹಾಕು" ಎಂದೆ. ಅವಳು ಪರದೆ ತಡಕಾಡಿ, "ಸಿಸ್ಟಮ್ ತಗೊಳಲ್ಲ ಸರ್, ಮೂರೇ" ಎಂದಳು. ನನ್ನ ಔದಾರ್ಯಕ್ಕೆ ಮಿತಿ ಇದೆಯೆಂದು ಗೊತ್ತಿತ್ತು. ಅದು ಕಂಪ್ಯೂಟರಿಗೂ ಗೊತ್ತಾಗಿದ್ದು ಅವತ್ತೇ.

ಹೊರಗೆ ಫುಟ್‌ಪಾತಿನಲ್ಲಿ ಸೊಪ್ಪಿನವಳು ಕೂತಿದ್ದಳು. ಕೊತ್ತಂಬರಿ ಕಟ್ಟು ತೆಗೆದುಕೊಂಡು ಹೆಂಡತಿ ರೂಢಿಯಂತೆ ಕೈ ಚಾಚಿದಳು. ಸೊಪ್ಪಿನವಳೂ ರೂಢಿಯಂತೆ ಗೊಣಗುತ್ತ ನಾಲ್ಕು ಎಸಳು ಕರಿಬೇವು ಮೇಲಕ್ಕಿಟ್ಟಳು. ಕೊಸರು. ತೂಕ ಮುಗಿದ ಮೇಲೆ ಗಿರಾಕಿ ಕೇಳುವುದು, ವ್ಯಾಪಾರಿ ಕೊಡುವುದು, ಲೆಕ್ಕದಲ್ಲಿ ಬರೆಯದೆ ಬಿಡುವುದು ಅನಾದಿಕಾಲದ ಕ್ರಮ. ಆಗಲೇ ನನಗೆ ಹೊಳೆದದ್ದು, ಒಳಗೆ ನಡೆದದ್ದೂ ಕೊಸರೇ ಅಂತ. ಆದರೆ ಉಲ್ಟಾ. ಅಲ್ಲಿ ಅಂಗಡಿಯೇ ಗಿರಾಕಿಯ ಮುಂದೆ ಕೈ ಚಾಚಿತ್ತು.

ಇದೇನೋ ಅಮೆರಿಕದಿಂದ ಬಂದ ಹೊಸ ಪದ್ಧತಿ ಎಂದು ನನ್ನ ಗೆಳೆಯರೊಬ್ಬರು ಮೂಗು ಮುರಿದರು. ಅಲ್ಲಿ ಉಂಟು, ನಿಜ. ಚಿಲ್ಡ್ರನ್ಸ್ ಮಿರಾಕಲ್ ನೆಟ್‌ವರ್ಕ್ ಎಂಬ ಸಂಸ್ಥೆ ಮಕ್ಕಳ ಆಸ್ಪತ್ರೆಗಳಿಗಾಗಿ ಅಂಗಡಿಗಳಲ್ಲಿ ಹಣ ಎತ್ತುತ್ತದೆ. ಒಂದು ಡಾಲರ್ ಕೊಟ್ಟರೆ ಕಾಗದದ ಬಲೂನಿನ ಮೇಲೆ ನಿಮ್ಮ ಹೆಸರು ಬರೆದು ಗೋಡೆಗೆ ಅಂಟಿಸುತ್ತಾರಂತೆ. ನಮ್ಮೂರ ದೇವಸ್ಥಾನದಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರಿದೆ, ಕರೆಂಟು ಹೋದಾಗ ಮಾತ್ರ ಓದಬಹುದು. ಎರಡರ ನಡುವೆ ಸಂಸ್ಕೃತಿಯ ಅಂತರವೇನೂ ನನಗೆ ಕಾಣಲಿಲ್ಲ.

ಆದರೆ ಪದ್ಧತಿ ಹೊಸದಲ್ಲ. ಅಪ್ಪ ಅಡಿಕೆ ಮಂಡಿಯಿಂದ ತರುತ್ತಿದ್ದ ಲೆಕ್ಕದ ಚೀಟಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಳದಿ ಕಾಗದ, ನೀಲಿ ಕಾರ್ಬನ್ನು. ಹಮಾಲಿ, ದಲಾಲಿ, ತೂಕದ ಖರ್ಚು ಎಲ್ಲ ಕಳೆದ ಮೇಲೆ ಕೊನೆಗೊಂದು ಪುಟ್ಟ ಸಾಲು: ಧರ್ಮ. ಯಾರ ಧರ್ಮ, ಯಾವ ಧರ್ಮ ಎಂದು ಅಪ್ಪ ಕೇಳಿದವರಲ್ಲ, ಮಂಡಿಯವರು ಹೇಳಿದವರೂ ಅಲ್ಲ. ಉತ್ತರ ಭಾರತದಲ್ಲಿ ಇದಕ್ಕೆ ಧರ್ಮಾದಾ ಎನ್ನುತ್ತಾರೆ. ಹಾಥರಸ್‌ನ ಬಿಜ್ಲಿ ಕಾಟನ್ ಮಿಲ್ಸ್ ಎಂಬ ಗಿರಣಿ ಗಿರಾಕಿಗಳ ಬಿಲ್ಲಿನಲ್ಲೇ ಧರ್ಮಾದಾ ಸೇರಿಸಿ ವಸೂಲು ಮಾಡುತ್ತಿತ್ತು. ಇದು ಗಿರಣಿಯ ಆದಾಯ, ತೆರಿಗೆ ಕಟ್ಟಿ ಎಂದಿತು ಇಲಾಖೆ. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಆ ದುಡ್ಡು ಧರ್ಮಕ್ಕೆಂದೇ ಬಂದದ್ದು, ಗಿರಣಿಯ ಆದಾಯವಲ್ಲ ಎಂದು ತೀರ್ಪಾಯಿತು. ಹಾಗಾದರೆ ನನ್ನ ಮೂರು ರೂಪಾಯಿಯ ಹಿಂದೆ ಸರ್ವೋಚ್ಚ ನ್ಯಾಯಾಲಯವೇ ನಿಂತಿದೆ ಎಂದು ಹೆಂಡತಿಗೆ ಹೇಳಿದೆ. "ಮೂರು ರೂಪಾಯಿ ಹಿಂದೆ ನಿಂತಿರಬಹುದು, ನಿಮ್ಮ ಹಿಂದೆ ಯಾರೂ ನಿಂತಿರಲಿಲ್ಲ" ಎಂದಳು.

ಮೂರು ರೂಪಾಯಿಯಲ್ಲಿ ಏನಾಗುತ್ತದೆ ಎನ್ನುವವರಿಗೆ ನಾನು ಪಿಗ್ಮಿ ಠೇವಣಿಯ ಕತೆ ಹೇಳುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಮನೆಮನೆಗೆ ಏಜೆಂಟರನ್ನು ಕಳಿಸಿ, ದಿನಕ್ಕೆ ಎರಡಾಣೆಯಂತೆ ಕೂಡಿಹಾಕಿಸಲು ಶುರುಮಾಡಿತು. ಅದು ದಾನವಲ್ಲ, ಉಳಿತಾಯ. ಆದರೆ ಚಿಲ್ಲರೆಗೂ ಮರ್ಯಾದೆ ಉಂಟೆಂದು ನಮ್ಮ ಕರಾವಳಿಯವರಿಗೆ ಆಗಲೇ ಗೊತ್ತಿತ್ತು. ನಡುವೆ ಎಲ್ಲೋ ಚಿಲ್ಲರೆಯ ಮರ್ಯಾದೆ ಹೋಯಿತು. ಒಂದು ರೂಪಾಯಿ ವಾಪಸು ಕೊಡುವ ಬದಲು ಪೆಪ್ಪರ್‌ಮೆಂಟು ಕೊಡತೊಡಗಿದರು. ಶುಗರ್ ಇರುವ ನನ್ನ ಮೇಜಿನ ಡ್ರಾಯರಿನಲ್ಲಿ ಅಂಥ ಪೆಪ್ಪರ್‌ಮೆಂಟುಗಳು ಇರುವೆಗಳ ಜಾತ್ರೆ ನಡೆಸುವಷ್ಟಿದ್ದವು. ನಾನು ಅದೇ ಪೆಪ್ಪರ್‌ಮೆಂಟನ್ನು ದುಡ್ಡಿನ ಬದಲು ಕೊಡಲು ಹೋದಾಗ ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಅಡಚಣೆ ಇರುವುದು ದುಡ್ಡಿನಲ್ಲಲ್ಲ, ಕೇಳುವ ಬಗೆಯಲ್ಲಿ ಎಂದು ನನಗನ್ನಿಸುತ್ತದೆ. ಹಳೆಯ ಶೆಟ್ಟರ ಅಂಗಡಿಯಲ್ಲಿ ತಕ್ಕಡಿ ಪಕ್ಕ ಬೀಗ ಹಾಕಿದ ಹುಂಡಿ ಡಬ್ಬಿ ಇರುತ್ತಿತ್ತು. ಅದು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 2010ರಿಂದ ಪೆನ್ನೀಸ್ ಎಂಬ ಸಂಸ್ಥೆ ಈ ಪ್ರಶ್ನೆಯನ್ನು ಕಾರ್ಡಿನ ಯಂತ್ರದಿಂದಲೇ ಕೇಳಿಸುತ್ತದೆ. ಹೌದು ಅಥವಾ ಬೇಡ ಗುಂಡಿ ಒತ್ತಿದರಾಯಿತು, ಕಿವಿಯ ಹಂಗಿಲ್ಲ. ನಮ್ಮ ಮೊಬೈಲಿನಲ್ಲಿ ಇನ್ನೂ ಜಾಣತನ. ಊಟ ತರಿಸಲು ಹೋದರೆ ಕೇಳದೆಯೇ ದಾನದ ಚೌಕಕ್ಕೆ ಟಿಕ್ಕು ಬಿದ್ದಿರುತ್ತಿತ್ತು. ಕೊನೆಗೆ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಕಣ್ಕಟ್ಟುಗಳ ಪಟ್ಟಿ ಮಾಡಿ ಬೇಡವೆಂದಿತು. ಗಿರಾಕಿಯ ಒಪ್ಪಿಗೆ ಇಲ್ಲದೆ ಬುಟ್ಟಿಗೆ ದಾನ ತುರುಕುವುದೂ ಆ ಪಟ್ಟಿಯಲ್ಲಿದೆ. ಬೇಡ ಎಂದವನ ಬಾಯಲ್ಲಿ, ದಾನವೇನಿದ್ದರೂ ಸಾಹುಕಾರರಿಗೆ, ನನಗೇನು ಎಂಬ ಮಾತು ತುರುಕಿ ನಾಚಿಸುವುದೂ ಇದೆ. ಅದನ್ನು ಓದಿ ನನಗೆ ರೋಮಾಂಚನವಾಯಿತು. ನಾನು ಯಾರೂ ತುರುಕದೆಯೇ ಅದಕ್ಕಿಂತ ಕೆಟ್ಟ ಮಾತನ್ನು ಸ್ವಂತ ಬಾಯಿಂದ ಆಡಿದ್ದೆನಲ್ಲ.

ಮುಂದಿನ ತಿಂಗಳು ಮತ್ತೆ ಅದೇ ಅಂಗಡಿ, ಅದೇ ಹುಡುಗಿ. ಈ ಸಲ ಬಲಗಿವಿಯನ್ನೇ ಕೌಂಟರಿಗೆ ಒಡ್ಡಿ, "ಹೂಂ, ಮಾಡಮ್ಮ" ಎಂಬ ಎರಡು ಪದ ಬಾಯಲ್ಲಿಟ್ಟುಕೊಂಡು ನಿಂತೆ. ಹುಡುಗಿ ಗುರುತು ಹಿಡಿದು ನಕ್ಕಳು. ಬಿಲ್ಲು ಕೊಟ್ಟಳು. ಏನೂ ಕೇಳಲಿಲ್ಲ. ನೋಡಿದರೆ 640 ರೂಪಾಯಿ, ಸರಿಯಾಗಿ. ಸೇರಿಸಲು ಏನೂ ಉಳಿದಿರಲಿಲ್ಲ.

ಕೌಂಟರಿನ ಮೇಲೆ ಗಾಜಿನ ಡಬ್ಬಿ ಇತ್ತು. ಒಂದು ಪೆಪ್ಪರ್‌ಮೆಂಟು ತೆಗೆದು ಮುಂದಿಟ್ಟೆ. "ಇದನ್ನೂ ಹಾಕಮ್ಮ. ಈಗ ಆರುನೂರ ಐವತ್ತು ಮಾಡು." ಹಿಂದಿನವರು ನಿಟ್ಟುಸಿರು ಬಿಟ್ಟದ್ದು ಎಡಗಿವಿಗೂ ಕೇಳಿಸಿತು. ಹುಡುಗಿ ಬಿಲ್ಲನ್ನು ಹೊಸದಾಗಿ ತೆಗೆದಳು. ಒಂಬತ್ತು ರೂಪಾಯಿ ಹಾಸ್ಟೆಲ್ಲಿಗೆ, ಒಂದು ರೂಪಾಯಿ ಅಂಗಡಿಗೆ.

ಹೊರಗೆ ಬಂದು ಪೆಪ್ಪರ್‌ಮೆಂಟಿನ ಕಾಗದ ಬಿಚ್ಚುತ್ತಿದ್ದೆ. ಹೆಂಡತಿ ಕೈಯಿಂದ ಕಿತ್ತುಕೊಂಡು ಸೊಪ್ಪಿನವಳ ಮೊಮ್ಮಗನಿಗೆ ಕೊಟ್ಟಳು. ಸೊಪ್ಪಿನವಳು ಆ ದಿನ ಕರಿಬೇವನ್ನು ಎರಡು ಎಸಳು ಜಾಸ್ತಿಯೇ ಇಟ್ಟಳು.