ಶಿವ ಬೈಕ್ ಆದ ಪ್ರಸಂಗ

ಮೊಮ್ಮಗ ವಿಡಿಯೋ ಗೇಮ್ ಆಡುತ್ತಾ "ತಾಳು, ಶಿವನ್ನ ಕರೀತೀನಿ" ಅಂದರೆ ಅಜ್ಜಿಯರೇ, ಭಕ್ತಿ ಬಂತೆಂದು ಹಿಗ್ಗಬೇಡಿ. ಜಪಾನಿನವರ 'ಫೈನಲ್ ಫ್ಯಾಂಟಸಿ'ಯಲ್ಲಿ, 1990ರ ಮೂರನೇ ಆಟದಿಂದಲೂ, ಶಿವ ಅಂದರೆ ಹಿಮ ಎರಚುವ ಹೆಂಗಸು! ಕೈಲಾಸದ ಚಳಿಯೊಂದು ಉಳಿದಿದೆ. ಜಟೆ, ಗಂಗೆ, ಹಣೆಗಣ್ಣು ಎಲ್ಲಾ ಮಾಯ. ಪಾರ್ವತಿ ಕಂಡರೆ ಏನನ್ನುತ್ತಾಳೋ!

2009ರ ಹದಿಮೂರನೇ ಆಟದಲ್ಲಂತೂ ಶಿವ ಅಂದರೆ ಅಕ್ಕತಂಗಿಯರ ಜೋಡಿ. ಇಬ್ಬರೂ ಕೂಡಿಕೊಂಡರೆ ಮೋಟಾರ್ ಬೈಕ್! ಸ್ನೋ ಎಂಬ ವೀರ ಅದನ್ನೇರಿ ಭರ್ರನೆ ಹೊರಡುತ್ತಾನೆ. ನಂದಿಗೆ ಕಡ್ಡಾಯ ನಿವೃತ್ತಿ.

ಶಿವನೊಬ್ಬನಿಗೇ ಈ ಗತಿ ಅಂದುಕೊಳ್ಳಬೇಡಿ. ಅರಬರ ಕಥೆಗಳಲ್ಲಿ ಭೂಮಿಯ ಭಾರ ಹೊತ್ತ ಮಹಾಮೀನು ಬಹಮೂತ್, ಇಲ್ಲಿ ರೆಕ್ಕೆಯ ಡ್ರ್ಯಾಗನ್.

ಸೋಮವಾರ ಉಪವಾಸ ಹಿಡಿದವರು ಈ ಆಟವನ್ನು ಮಂಗಳವಾರ ಆಡುವುದು ಕ್ಷೇಮ.